ಹನ್ನೆರಡನೆಯ ಮರದ ಕೆಂಪು ಬಟ್ಟೆ

ನಿವೃತ್ತಿಯ ದಿನ ಶಾಲೆಯವರು ನನಗೊಂದು ಕೆಂಪು ಸೀರೆ ಕೊಟ್ಟರು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಕೋಣೆಯಲ್ಲಿ ಕೂತು ಚಾ ಕುಡಿದವರು. ನಾನು ಕೆಂಪು ಉಡುವವಳಲ್ಲ ಎಂಬುದು ಅವರಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಸೀರೆಯನ್ನು ಕಪಾಟಿನ ತಳದಲ್ಲಿ ಇಟ್ಟೆ. ಎರಡು ವರ್ಷ ಅದು ಅಲ್ಲೇ ಇತ್ತು. ಆಮೇಲೆ ಒಂದು ಸಂಜೆ ಅದನ್ನು ಹನ್ನೆರಡು ಪಟ್ಟಿಯಾಗಿ ಹರಿದೆ. ಈಗ ಬರೆಯುತ್ತಿರುವುದು ಆ ಹನ್ನೆರಡು ಪಟ್ಟಿಗಳ ವಿಷಯ, ಮತ್ತು ಅವುಗಳಿಂದಾಗಿ ನಾನು ಕಳೆದುಕೊಂಡ ಒಬ್ಬಳ ವಿಷಯ.

ನಾನು ಮದುವೆಯಾದವಳಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟು ಕೊಟ್ಟು ನಿಜವಾದ ಕಾರಣ ನನಗೇ ಮರೆತುಹೋಗಿದೆ. ಕಾರವಾರದಲ್ಲಿ, ಬೈತಖೋಲಕ್ಕೆ ಹೋಗುವ ರಸ್ತೆಯ ಬದಿಗೆ ಎರಡು ಕೋಣೆಯ ಮನೆ. ಬೆಳಗಾದರೆ ಬಂದರಿನ ಟ್ರಾಲರುಗಳ ಸದ್ದು, ಸಂಜೆಯಾದರೆ ರೇಡಿಯೋ. ತಂಗಿ ಮಲ್ಲಾಪುರದ ಕ್ವಾರ್ಟರ್ಸ್‌ನಲ್ಲಿದ್ದಾಳೆ. ಭಾನುವಾರ ಹತ್ತು ನಿಮಿಷ ಫೋನಿನಲ್ಲಿ ಕೊಂಕಣಿ ಮಾತಾಡುತ್ತೇವೆ. ವಾರದ ಕೊಂಕಣಿ ಅಲ್ಲಿಗೆ ಮುಗಿಯಿತು. ಶಾಲೆ ಬಿಟ್ಟ ಮೇಲೆ ಕೆಲವು ದಿನ ಸಂಜೆಯವರೆಗೂ ಬಾಯಿಯೇ ತೆರೆದಿರುತ್ತಿರಲಿಲ್ಲ. ಹಾಲಿನವನು ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಎರಡು ಸಲ ಕೆಮ್ಮಿ ಗಂಟಲು ಬಿಡಿಸಿಕೊಳ್ಳಬೇಕಾಗುತ್ತಿತ್ತು.

ಮೀನು ಪೇಟೆಯಲ್ಲಿ ಬಂಗಡೆಯನ್ನು ಪಾಲು ಹಾಕಿ ಮಾರುತ್ತಾರೆ. ಒಂದು ಪಾಲೆಂದರೆ ಒಂದು ಸಂಸಾರದ ಊಟ. ನಾನು ಎರಡೇ ಬಂಗಡೆ ಕೊಡು ಎಂದರೆ ಮೀನಿನವಳು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದಳು, "ಎರಡು ಬಂಗಡೆ ಬೆಕ್ಕಿಗಾ ಬಾಯಿ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ದಿನ ನಗು ಬರಲಿಲ್ಲ. ಇಡೀ ಪಾಲು ಕೊಂಡು ಮನೆಗೆ ಬಂದು, ಎರಡನ್ನು ಹುರಿದು, ಉಳಿದದ್ದನ್ನು ನಿಜವಾಗಿಯೂ ಬೆಕ್ಕಿಗೆ ಹಾಕಿದೆ. ಆ ವಾರವೇ ಕಾಡು ಉಳಿಸುವ ಒಂದು ಸಣ್ಣ ಸಂಘಕ್ಕೆ ಹೋಗಿ ಸ್ವಯಂಸೇವಕಿ ಎಂದು ಹೆಸರು ಬರೆಸಿದೆ. ಕಾಡಿನ ಮೇಲಿನ ಪ್ರೀತಿಯಿಂದ ಹೋದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಯಾರಾದರೂ ನನ್ನನ್ನು ಬಾ ಎನ್ನಲಿ ಎಂದು ಹೋದೆ.

ಸಂಘದ ಕಾರ್ಯದರ್ಶಿಗಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಎದುರಿಗಿದ್ದವರು ಒಬ್ಬರೇ ಆದರೂ ಭಾಷಣ ಮಾಡುತ್ತಿದ್ದರು. ಅಂಕೋಲೆಯಿಂದ ಒಳಗೆ, ಘಟ್ಟದ ಬುಡದಲ್ಲಿರುವ ಒಂದು ಕೇರಿಯನ್ನು ಅವರು ನನಗೆ ವಹಿಸಿದರು. ಬೆಳಿಗ್ಗೆ ಕಾರವಾರದಿಂದ ಅಂಕೋಲೆಗೆ ಒಂದು ಬಸ್ಸು, ಅಲ್ಲಿಂದ ಒಳಗೆ ಇನ್ನೊಂದು, ಅದು ಬಿಟ್ಟಲ್ಲಿಂದ ಗದ್ದೆಯ ಅಂಚಿನ ಮೇಲೆ ಮುಕ್ಕಾಲು ತಾಸಿನ ನಡಿಗೆ. ಕೇರಿಯ ಮೇಲೆ ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಜೂನಿನಲ್ಲಿ ಮೋಡ ಇಳಿದು ಕೂತರೆ ಮಳೆಗಾಲ ಮುಗಿಯುವವರೆಗೆ ಏಳುವುದಿಲ್ಲ. ಅಲ್ಲಿಯ ಮರಗಳಿಗೆಲ್ಲ ಪಾಚಿಯ ಅಂಗಿ. ಮಳೆ ನಿಂತರೂ ಎಲೆಗಳು ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಆ ಮರಗಳು ಮೋಡವನ್ನು ಹಿಂಡಿ ಹಳ್ಳಕ್ಕೆ ನೀರು ಕೊಡುತ್ತವೆ, ಅವು ಹೋದರೆ ಬೇಸಿಗೆಯಲ್ಲಿ ಕೇರಿಗೆ ನೀರಿಲ್ಲ ಎಂದು ಕಾರ್ಯದರ್ಶಿಗಳು ವಿವರಿಸಿದ್ದರು. ಕೇರಿಯವರು ಅದನ್ನು 'ಮೋಡ ಕೂರೋ ಕಾಡು' ಎನ್ನುತ್ತಿದ್ದರು. ಅರ್ಥ ಒಂದೇ.

ಆ ಕಾಡಿನಲ್ಲಿ ಉಪ್ಪಾಗೆ ಮರಗಳಿವೆ. ಮಳೆಗಾಲದಲ್ಲಿ ಹಳದಿಯಾಗಿ ಮಾಗುವ ಹುಳಿ ಹಣ್ಣು. ಸಿಪ್ಪೆಯನ್ನು ಹೊಗೆಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ನಾನು ಮೊದಲು ಕೊಯ್ಯದಿದ್ದರೆ ಹೊರಗಿನವರು ಬಂದು ಕೊಯ್ದಾರು ಎಂಬ ಭಯದಿಂದ ಎಲ್ಲರೂ ಕಾಯಿ ಬಲಿಯುವ ಮೊದಲೇ ಹೊಡೆದು ಉದುರಿಸುತ್ತಿದ್ದರು. ಎಳೆಗಾಯಿಯ ಬೀಜ ಮೊಳೆಯುವುದಿಲ್ಲ. ಕಾಡಿನಲ್ಲಿ ಹಳೆಯ ಮರಗಳಿದ್ದವು, ಸಸಿಗಳೇ ಇರಲಿಲ್ಲ. ಅದಕ್ಕೇ ಸಂಘದ ಯೋಜನೆ: ಕಟ್ಟಿಗೆ ಕಡಿಮೆ ತಿನ್ನುವ ಒಲೆ, ಒಂದು ನರ್ಸರಿ, ಮತ್ತು ಹನ್ನೆರಡು 'ಬೀಜದ ಮರ'. ಆ ಹನ್ನೆರಡನ್ನು ಯಾರೂ ಮುಟ್ಟಬಾರದು. ಹಣ್ಣು ಮರದಲ್ಲೇ ಮಾಗಿ ಬೀಳಬೇಕು.

ಗುಡ್ಡ ಹತ್ತುವ ದಾರಿ ಶುರುವಾಗುವಲ್ಲಿ ಕೇರಿಯ ಕೊನೆಯ ಮನೆ. ಅಲ್ಲಿ ಒಬ್ಬಳು ಮುದುಕಿ ಒಬ್ಬಳೇ ಇದ್ದಳು. ಕೇರಿಗೆಲ್ಲ ಅವಳು ಅಬ್ಬೆ. ತಾಯಿಯನ್ನು ಕರೆಯುವ ಹಾಗೆ ನಾನೂ ಅಬ್ಬೆ ಎಂದೆ, ನೀನು ಎಂದೆ. ಅವಳು ಮಾತ್ರ ನನ್ನನ್ನು ಬಹುವಚನದಿಂದ ಇಳಿಸಲಿಲ್ಲ. ನಾನು ಶಾಲೆಯಲ್ಲಿದ್ದವಳು ಎಂದು ಗೊತ್ತಾದ ಗಳಿಗೆಯಿಂದ ಅವಳಿಗೆ ನಾನು ಅಕ್ಕೋರು. ನಮ್ಮ ಕಡೆ ಶಾಲೆಯ ಬಾಯಂದಿರನ್ನು ಹಾಗೆಯೇ ಕರೆಯುವುದು. ಗದ್ದೆಯಂಚಿನಲ್ಲಿ ನನ್ನ ಕೊಡೆ ಕಂಡರೆ ಸಾಕು, ಜಗಲಿಯಿಂದ ಕೂಗುತ್ತಿದ್ದಳು:

"ಅಕ್ಕೋರೇ, ಬಂದ್ರಾ? ಉಂಡ್ರಾ?"

ಹನ್ನೊಂದು ಗಂಟೆಗೆ ಯಾರು ಉಂಡಿರುತ್ತಾರೆ? ಆದರೂ ಪ್ರತಿ ಸಲ ಕೇಳುತ್ತಿದ್ದಳು, ನಾನು ಇಲ್ಲ ಎನ್ನುತ್ತಿದ್ದೆ, ಗಂಜಿಯೂ ಒಣ ಸಿಗಡಿಯ ಚಟ್ನಿಯೂ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದ ದಿನವೂ ನಾನು ಇಲ್ಲವೆಂದೇ ಹೇಳಿದ್ದೇನೆ.

ಅವಳು ತುಂಬ ಚೇಷ್ಟೆಯವಳು. ಉಂಬಳ ಕಚ್ಚಿ ನಾನು ಕುಣಿದಾಡಿದರೆ, "ಅದ್ರ ಹೊಟ್ಟೆನೂ ತುಂಬ್ಲಿ ಬಿಡಿ ಅಕ್ಕೋರೇ, ನಿಮ್ಮ ರಕ್ತದಲ್ಲಿ ನಾಕಕ್ಷರ ಕಲ್ತ್ಕಳ್ತದೆ" ಎನ್ನುತ್ತಿದ್ದಳು. ನಾನು ಒಲೆಯ ಬಗ್ಗೆ ಪಾಠ ಶುರುಮಾಡಿದರೆ ಎದ್ದು ನಿಂತು ಕೈ ಕಟ್ಟಿಕೊಂಡು ಮಗುವಿನ ಹಾಗೆ ಕೇಳುತ್ತಿದ್ದಳು. ಕೊನೆಗೆ ನನಗೇ ನಾಚಿಕೆಯಾಗಿ ನಿಲ್ಲಿಸುತ್ತಿದ್ದೆ. ಮಾತಿನ ನಡುವೆ ಆಗಾಗ "ನನ್ನ ಮರ" ಎಂಬ ಮಾತು ಬರುತ್ತಿತ್ತು. ಅದು ಅವಳ ಅತ್ತೆಯಿಂದ ಬಂದ ಉಪ್ಪಾಗೆ ಮರ. ಮೊಣಕಾಲು ಹೋದ ಮೇಲೆ ದೂರದ ಮರಗಳನ್ನೆಲ್ಲ ಬಿಟ್ಟುಕೊಟ್ಟು ಇದೊಂದನ್ನೇ ಇಟ್ಟುಕೊಂಡಿದ್ದಳು. ಅದು ಎಲ್ಲಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಮೂವತ್ತು ವರ್ಷ ಪ್ರಶ್ನೆ ಕೇಳಿ ಬದುಕಿದವಳು, ಕೇಳಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ.

ಆ ವರ್ಷ ಬೀಜದ ಮರ ಆರಿಸುವ ದಿನ ನಿಶ್ಚಯವಾಯಿತು. ಎಲ್ಲರೂ ಕೂಡಿ ಗುಡ್ಡ ಹತ್ತುವುದು, ಕೂಡಿ ಆರಿಸುವುದು, ತಗಡಿನ ಬಿಲ್ಲೆ ಕಟ್ಟುವುದು ಎಂದು ಸಭೆಯಲ್ಲಿ ಒಪ್ಪಿಗೆಯಾಗಿತ್ತು. ಬಿಲ್ಲೆಗಳು ಇನ್ನೂ ಬಂದಿರಲಿಲ್ಲ. ಮೋಡದಲ್ಲಿ ದೂರಕ್ಕೆ ಕಾಣುವುದು ಕೆಂಪೊಂದೇ. ಸದ್ಯಕ್ಕೆ ಇರಲಿ ಎಂದು ಹಿಂದಿನ ಸಂಜೆ ನಾನು ಆ ಸೀರೆಯನ್ನು ಹರಿದೆ. ಪರ್ ಪರ್ ಎಂದು ಹರಿಯುವಾಗ ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ, ಹೇಳಬಾರದು.

ಬೆಳಿಗ್ಗೆ ಎರಡು ಬಸ್ಸು ಹಿಡಿದು, ಸುರಿಯುವ ಮಳೆಯಲ್ಲಿ ಕೇರಿಗೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ಆಚೆ ಕೇರಿಯಲ್ಲಿ ನಾಟಿ. ಮುಯ್ಯಾಳಿನ ಲೆಕ್ಕದಲ್ಲಿ ಎಲ್ಲರೂ ಅಲ್ಲಿಗೆ ಹೋಗಿದ್ದರು; ಅಬ್ಬೆ ಕೂಡ ಸಸಿಯ ಕಟ್ಟು ಕೊಡಲು ಹೋಗಿದ್ದಳು. ಇವತ್ತು ಅವರು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ಅವರ ಗದ್ದೆಗೆ ಹೋಗಲೇಬೇಕು, ಮಳೆ ಕಾಯುವುದಿಲ್ಲ, ಇದು ಯಾರಿಗೂ ಗೊತ್ತಾಗುವ ವಿಷಯ. ನನಗೂ ಗೊತ್ತಿತ್ತು. ಆದರೆ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಜರಿ ಕರೆದಾಗ ಒಬ್ಬರೂ ಇಲ್ಲದ ತರಗತಿಯ ಎದುರು ನಿಂತ ಹಾಗಾಯಿತು. ಇವರಿಗಾಗಿ ನಾನು ಕಾರವಾರದಿಂದ ಸಾಯುತ್ತ ಬರಬೇಕು, ಇವರಿಗೆ ನನ್ನ ನೆನಪೂ ಇಲ್ಲ! ನೀವು ಬರದಿದ್ದರೆ ಏನಂತೆ, ನಾನೇ ಕಟ್ಟುತ್ತೇನೆ ಎಂದು ಒಬ್ಬಳೇ ಗುಡ್ಡ ಹತ್ತಿದೆ.

ಮೇಲೆ ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಆದರೆ ಕೆಲವು ಉಪ್ಪಾಗೆ ಮರಗಳ ಬುಡದಲ್ಲಿ ಪೊದೆಯೆಲ್ಲ ಸವರಿ, ಗುಡಿಸಿದ ಅಂಗಳದ ಹಾಗೆ ನೆಲ ಚೊಕ್ಕಟವಾಗಿತ್ತು. ನೋಡಿದರೆ ಅವುಗಳಲ್ಲೇ ಕಾಯಿ ಹೆಚ್ಚು. ಆಹಾ, ಕಾಡೇ ನನಗಾಗಿ ಆರಿಸಿ ಇಟ್ಟಿದೆ ಎಂದುಕೊಂಡೆ. ಶಾಲೆಯಲ್ಲೂ ನಾನು ಹಾಗೆಯೇ, ತಲೆ ಚೆನ್ನಾಗಿ ಬಾಚಿಕೊಂಡು ಬಂದವರನ್ನು ಮಾನಿಟರ್ ಮಾಡುತ್ತಿದ್ದೆ. ಹನ್ನೆರಡು ಮರಕ್ಕೆ ಹನ್ನೆರಡು ಪಟ್ಟಿ, ಕೈ ನಿಲುಕುವಷ್ಟು ಎತ್ತರಕ್ಕೆ, ಮೂರು ಮೂರು ಗಂಟು. ಕೊನೆಯದು ಹಳ್ಳದ ತಲೆಯಲ್ಲಿದ್ದ ಹಳೆಯ ಮರ. ಇಳಿದು ಬಂದಾಗಲೂ ಕೇರಿ ಖಾಲಿ. ಯಾರಿಗೂ ಹೇಳದೆ ಬಸ್ಸು ಹಿಡಿದೆ. ಮುಂದಿನ ವಾರ ಬಂದು, ನೋಡಿ, ನೀವಿಲ್ಲದೆಯೂ ಕೆಲಸ ಆಯಿತು ಎಂದು ಚುಚ್ಚಿ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೆ.

ಮುಂದಿನ ವಾರ ಹೋಗಲಾಗಲಿಲ್ಲ. ಎರಡು ದಿನ ಬಿಡದೆ ಹೊಡೆದ ಮಳೆಗೆ ಆ ಗುಡ್ಡದ ಒಂದು ಮಗ್ಗುಲು ಜಾರಿ, ಕೇರಿಯ ಮೇಲಿನ ಗದ್ದೆಯವರೆಗೆ ಬಂದು ನಿಂತಿತು. ಒಬ್ಬರ ಮೈಗೂ ಪೆಟ್ಟಾಗಲಿಲ್ಲ. ರಸ್ತೆ ಮುಚ್ಚಿ ಬಸ್ಸು ನಿಂತಿತು, ಅಲ್ಲಿ ಫೋನು ಮೊದಲೇ ಸಿಗುವುದಿಲ್ಲ. ನಾನು ಮೂರು ವಾರ ಮನೆಯಲ್ಲಿ ಕೂತು ಪೇಪರ್ ತಿರುವಿದೆ.

ಮತ್ತೆ ಹೋದ ದಿನ ಅಬ್ಬೆಯ ಜಗಲಿಯಿಂದ ಕೂಗು ಬರಲಿಲ್ಲ. ಮನೆಯಲ್ಲಿಲ್ಲವೇನೋ ಎಂದುಕೊಂಡು ನಾಲ್ಕಾರು ಹೆಂಗಸರ ಜೊತೆ ಗುಡ್ಡ ಹತ್ತಿದೆ. ಮೊದಲ ಕೆಂಪು ಪಟ್ಟಿಯ ಮರ ಕಂಡದ್ದೇ ಅವರೆಲ್ಲ ಚಪ್ಪಲಿ ಬಿಟ್ಟರು. ಬುಡದಲ್ಲಿ ಹೂವಿತ್ತು, ಒಡೆದ ತೆಂಗಿನಕಾಯಿಯಿತ್ತು.

"ಇದ್ಯಂತದು?" ಎಂದೆ.

ಅವರಲ್ಲಿ ಹಿರಿಯಳಾದವಳು ದನಿ ತಗ್ಗಿಸಿ ಹೇಳಿದಳು, "ನಿಮ್ಗೆ ಗೊತ್ತಿಲ್ಲ ಅಲ್ದಾ ಅಕ್ಕೋರೇ. ಗುಡ್ಡ ಜಾರೂ ಮುಂಚೆನೇ ದೇವ್ರು ಬಂದು ಹನ್ನೆರಡು ಮರಕ್ಕೆ ಬಟ್ಟೆ ಕಟ್ಟಿ ಹೋಗಿದ್ದ. ಅದ್ಕೇ ಗುಡ್ಡ ಗದ್ದೆಲಿ ನಿಂತ್ಕಂತು. ಇಲ್ದಿದ್ರೆ ನಾವ್ಯಾರೂ ಇರೂದಿಲ್ಲಾಗಿತ್ತು."

ಆ ಕಡೆ ಗುಡ್ಡದ ದೇವರಿಗೆ ಕೆಂಪು ವಸ್ತ್ರವನ್ನೇ ಒಪ್ಪಿಸುವುದು. ಬಿಲ್ಲೆಯ ವಿಷಯ ಎಲ್ಲರಿಗೂ ಗೊತ್ತಿತ್ತು, ಬಟ್ಟೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಆ ಮಳೆಯಲ್ಲಿ ಒಬ್ಬಳೇ ಮೋಡದೊಳಗೆ ಹೋಗುವಷ್ಟು ಹುಚ್ಚಿ ನಾನು ಎಂದು ಯಾರೂ ಎಣಿಸಿರಲಿಲ್ಲ. ನನಗೆ ಮೊದಲು ನಗು ಬಂತು. ಅಯ್ಯೋ, ಅದು ನನ್ನ ಸೀರೆ ಕಣ್ರೇ ಎನ್ನಲು ಬಾಯಿ ತೆರೆದೆ. ಆಗ ಮೇಲೆ ನೋಡಿದೆ. ಉಳಿದ ಮರಗಳೆಲ್ಲ ಬೋಳಾಗಿದ್ದವು. ಈ ಮರದಲ್ಲಿ ಮಾತ್ರ ಕಾಯಿ ತೂಗುತ್ತಿತ್ತು, ಎರಡು ಮಂಗಟ್ಟೆ ಹಕ್ಕಿಗಳು ಕೊಂಬೆಯ ಮೇಲೆ ಕೂತಿದ್ದವು. ಒಂದು ಎಳೆಗಾಯಿಯೂ ನೆಲಕ್ಕೆ ಬಿದ್ದಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿದೆ.

ಇಳಿದು ಬರುವ ದಾರಿಯಲ್ಲಿ ಆ ಹಿರಿಯಳೇ ಇನ್ನೊಂದು ಮಾತು ಹೇಳಿದಳು. ಬುಡ ಸವರುವುದೆಂದರೆ ಮರವನ್ನು ತಮ್ಮದೆಂದು ಹೇಳಿಕೊಳ್ಳುವುದು. ಮಳೆಗೆ ಮುಂಚೆ ಯಾರು ಬುಡ ಸವರುತ್ತಾರೋ ಆ ವರ್ಷದ ಕಾಯಿ ಅವರದ್ದು. ಕಾಗದವಿಲ್ಲ, ಬೇಲಿಯಿಲ್ಲ, ಸವರಿದ ನೆಲವೇ ಸಾಕ್ಷಿ. "ನಮ್ದೆಲ್ಲ ಐದಾರು ಮರ, ಒಂದು ದೇವ್ರಿಗೆ ಹೋದ್ರೆ ಹೋಗ್ಲಿ. ಪಾಪ, ಅಬ್ಬೆದು ಇದ್ದದ್ದೇ ಒಂದು. ಹಳ್ಳದ ತಲೆಲಿ ಇತ್ತಲ್ಲ, ಅದು."

ಹನ್ನೆರಡನೆಯದು.

ಕಾರವಾರಕ್ಕೆ ಬಂದವಳೇ ಕಾರ್ಯದರ್ಶಿಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಕ್ಕರು. ಆಮೇಲೆ ಗಂಭೀರವಾಗಿ, "ಮೇಡಂ, ಸುಮ್ಮನಿದ್ದುಬಿಡಿ. ಇಷ್ಟು ವರ್ಷ ಭಾಷಣ ಮಾಡಿ ನನ್ನಿಂದ ಆಗದ್ದು ನಿಮ್ಮ ಸೀರೆಯಿಂದ ಆಯಿತು. ಈಗ ಹೇಳಿದಿರೋ, ಮರುದಿನವೇ ಹನ್ನೆರಡೂ ಮರ ಬೋಳು. ಬೀಜವಿಲ್ಲ, ಸಸಿಯಿಲ್ಲ. ಒಬ್ಬಳ ಒಂದು ಮರ, ಒಂದು ವರ್ಷ. ಅಷ್ಟೇ ತಾನೇ?" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಿಜವಾಗಿ ನಾನು ಹುಡುಕಲೂ ಇಲ್ಲ. ನನ್ನ ಮುಖ ಉಳಿಯುತ್ತಿತ್ತಲ್ಲ.

ಮುಂದಿನ ಸಲ ಹೋದಾಗ ಅಬ್ಬೆ ಜಗಲಿಯಲ್ಲೇ ಇದ್ದಳು. ನನ್ನನ್ನು ನೋಡಿದಳು, ಕೂಗಲಿಲ್ಲ. ಮುಖ ಬಾಡಿತ್ತು. ಗಂಜಿ ಕೊಟ್ಟಳು, ತಾನು ಉಣ್ಣಲಿಲ್ಲ. ವಾರಕ್ಕೆ ಎರಡು ಹೊತ್ತು ಊಟ ಬಿಡುತ್ತಿದ್ದೇನೆ ಎಂದಳು.

"ಎಂತಕೆ ಅಬ್ಬೆ?"

"ತಪ್ಪಾಗಿದೆಯಲ್ಲ ಅಕ್ಕೋರೇ. ತಪ್ಪಿಲ್ದೆ ದೇವ್ರು ನನ್ನ ಒಂದೇ ಮರ ಯಾಕೆ ತಕಳ್ತಾನೆ?" ಚಟ್ನಿಯನ್ನು ನನ್ನ ಕಡೆ ಸರಿಸಿ ಹೇಳಿದಳು, "ಅತ್ತೆ ಸಾಯೂ ಮುಂಚೆ ಉಪ್ಪಾಗೆ ಹಾಕಿ ಸಾರು ಮಾಡಿಕೊಡು ಅಂದಿತ್ತು. ನಂಗೆ ಗದ್ದೆಗೆ ಹೋಗೂ ಗಡಿಬಿಡಿ. ನಾಳೆ ಮಾಡ್ತೆ ಅಂದೆ. ನಾಳೆ ಅತ್ತೆ ಇತ್ತಿಲ್ಲ. ಅದು ಅತ್ತೆ ಮರ. ದೇವ್ರಿಗೆ ಎಲ್ಲ ನೆನಪಿರ್ತದೆ." ನನ್ನ ಕಡೆ ತಿರುಗಿದಳು. "ನೀವು ಓದ್ದವ್ರು. ನೀವೇ ಹೇಳಿ, ಅದ್ಕೇ ಆಗಿರಬೌದಾ?"

ಅಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ನನ್ನ ಬಾಯಿಂದ ಬಂದದ್ದು, "ದೇವರ ಮನಸ್ಸು ಯಾರಿಗೆ ಗೊತ್ತು ಅಬ್ಬೆ."

ಅವಳು ತಲೆಯಾಡಿಸಿದಳು. ಅಕ್ಕೋರು ಹೇಳಿದ ಮೇಲೆ ಮುಗಿಯಿತು.

ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಪಕ್ಕದ ಹೆಂಗಸು ಅಂಕೋಲೆ ಬಂತು ಎಂದು ಎರಡು ಸಲ ಅಲುಗಿಸಬೇಕಾಯಿತು. ಮನೆಯಲ್ಲಿ ಕಲಸಿದ ಅನ್ನವನ್ನು ಬೆಕ್ಕಿಗೆ ಹಾಕಿದೆ. ಯಾರಿಗೆ ಹೇಳುವುದು? ತಂಗಿಗೆ ಹೇಳಿದರೆ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯಾ ಎನ್ನುತ್ತಾಳೆ. ರೇಡಿಯೋ ಹಾಕಿದೆ, ಆರಿಸಿದೆ. ಒಬ್ಬಂಟಿಯಾಗಿರುವುದು ನನಗೆ ಹೊಸದಲ್ಲ. ಆದರೆ ನನ್ನ ಜೊತೆ ನಾನೇ ಇರಲಾರೆ ಎಂದು ಅನಿಸಿದ್ದು ಅದೇ ಮೊದಲು. ಇಡೀ ಲೋಕದಲ್ಲಿ ನನ್ನನ್ನು ಉಂಡ್ರಾ ಎಂದು ಕೇಳುವ ಒಂದೇ ಜೀವ ಅದು. ನನ್ನ ಸುಳ್ಳಿಗೆ ಅದು ಉಪವಾಸ ಕೂತಿದೆ.

ಮೂರು ವಾರ ಹೀಗೇ ಕಳೆದೆ. ಕೊನೆಗೆ ಒಂದು ಬೆಳಿಗ್ಗೆ ಹೋಗಿ, ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿಬಿಟ್ಟೆ. ಆ ಬಟ್ಟೆ ನನ್ನ ಸೀರೆ. ಕಟ್ಟಿದವಳು ನಾನು. ನೀವು ಯಾರೂ ಬರಲಿಲ್ಲ ಎಂಬ ಸಿಟ್ಟಿಗೆ ಕಟ್ಟಿದೆ. ಆಮೇಲೆ ಗೊತ್ತಾದರೂ ಹೇಳಲಿಲ್ಲ.

ಅಬ್ಬೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. ಬೈದರೆ ಸಾಕು ಎಂದು ಕಾದೆ. ಅವಳು ಬೈಯಲಿಲ್ಲ.

"ನಾ ಕೇಳ್ದಾಗ್ಲೂ ನಿಮ್ಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ನಾ ಅತ್ತೆ ವಿಷ್ಯ ಇಷ್ಟು ವರ್ಷ ಯಾರ ಹತ್ರನೂ ಹೇಳಿತ್ತಿಲ್ಲ." ಮತ್ತೆ ಅಕ್ಕಿ ಆರಿಸತೊಡಗಿದಳು. ಒಂದು ಕಲ್ಲು ಹೆಕ್ಕಿ ಎಸೆದು, "ಊರಿಗೆಲ್ಲ ಹೇಳಿ. ದೇವ್ರ ಕಲ್ಲಿನ ಎದ್ರಿಗೆ ನಿಂತು ಹೇಳಿ. ಅವ್ರೂ ಕಾಯಿ ಒಡೀತಾ ಇದ್ರು" ಎಂದಳು.

ಸಂಜೆ ಗದ್ದೆಯಿಂದ ಬಂದವರನ್ನೆಲ್ಲ ಕೇರಿಯ ದೇವರ ಕಲ್ಲಿನ ಎದುರು ಕೂಡಿಸಿ ಹೇಳಿದೆ. ಒಬ್ಬ ಗಂಡಸು ಹೊಟ್ಟೆ ಹಿಡಿದು ನಕ್ಕ. ಬಾಕಿಯವರು ನಗಲಿಲ್ಲ. ಗುಡ್ಡದ ದಾರಿಯಲ್ಲಿ ನನಗೆ ಎಲ್ಲ ತಿಳಿಸಿ ಹೇಳಿದ್ದ ಆ ಹಿರಿಯ ಹೆಂಗಸು ನೇರವಾಗಿ ಕೇಳಿದಳು, "ನಾವು ಬರೂದು ಒಂದಿನ ತಡವಾದ್ರೆ ನಿಮ್ಗೆ ಅಷ್ಟು ಸಿಟ್ಟಾ? ನಾಟಿ ಬಿಟ್ಟು ಬರ್ಬೇಕಿತ್ತಾ?" ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆಯಿರಲಿಲ್ಲ. ತಪ್ಪಾಯಿತು ಎಂದೆ. ಒಬ್ಬೊಬ್ಬರೇ ಎದ್ದು ಹೋದರು. ಕೊನೆಯ ಬಸ್ಸಿಗೆ ನಾನು ಕೊಡೆಯನ್ನೂ ಮರೆತು ಹೋದೆ.

ಕಾರ್ಯದರ್ಶಿಗಳು ಹೇಳಿದಂತೆಯೇ ಆಯಿತು. ನಾಲ್ಕನೆಯ ದಿನ ಹೋಗಿ ನೋಡಿದರೆ ಹನ್ನೊಂದು ಮರ ಬೋಳು. ಅರೆಮಾಗಿದ್ದು, ಮಾಗದ್ದು, ಎಲ್ಲವೂ ಹೋಗಿತ್ತು. ಎಷ್ಟೋ ಕೊಂಬೆಗಳು ಮುರಿದಿದ್ದವು. ನನ್ನ ಪಟ್ಟಿಗಳು ಒದ್ದೆಯಾಗಿ ಕೆಸರಿನಲ್ಲಿ ಬಿದ್ದಿದ್ದವು. ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ಹಾಕಿಕೊಂಡೆ. ಅಳು ಬಂತು, ಅತ್ತೆ. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಸರಿಯಾಗಿಯೇ ಅತ್ತೆ.

ಹನ್ನೆರಡನೆಯ ಮರ ಹಾಗೆಯೇ ಇತ್ತು. ಬಟ್ಟೆ ಕಟ್ಟಿದಂತೆಯೇ ಇತ್ತು, ಹಣ್ಣು ಹಳದಿಯಾಗಿ ತುಂಬಿ ತೂಗುತ್ತಿತ್ತು. ಅದು ಅಬ್ಬೆಯ ಮರ, ಕೇರಿಯವರು ಮುಟ್ಟುವುದಿಲ್ಲ. ಅವಳಿಗೆ ಹತ್ತಲು ಆಗಿರಲಿಕ್ಕಿಲ್ಲ, ಮೊಣಕಾಲು ನೋವು ಎಂದುಕೊಂಡು ಓಡುತ್ತ ಇಳಿದೆ.

"ಅಬ್ಬೆ, ನಿನ್ನ ಮರದಲ್ಲಿ ಹಣ್ಣೆಲ್ಲ ಹಾಗೇ ಇದೆ. ಬಾ, ನಾನು ಬಟ್ಟೆ ಬಿಚ್ಚುತ್ತೇನೆ. ನಾನೇ ಕೊಯ್ದು ಹೊತ್ತು ತರುತ್ತೇನೆ. ಸಿಪ್ಪೆ ಸುಲಿದು ಕೊಡುತ್ತೇನೆ."

"ಬ್ಯಾಡ," ಎಂದಳು. "ಬಟ್ಟೆ ಮುಟ್ಬೇಡಿ."

"ಅದು ದೇವರದ್ದಲ್ಲ ಎಂದು ಹೇಳಿದೆನಲ್ಲ!"

"ಬಟ್ಟೆ ನಿಮ್ದು, ಗೊತ್ತಾಯ್ತು. ಈ ವರ್ಷದ ಕಾಯಿ ನಿಂಗೇ ಅಂತ ದೀಪ ಹಚ್ಚಿ ದೇವ್ರಿಗೆ ಮಾತು ಕೊಟ್ಟವ್ಳು ನಾನು. ನಾ ಮಾತು ಕೊಟ್ಟದ್ದು ನಿಮ್ಮ ಸೀರೆಗಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಸುಳ್ಳು ಹೇಳಿದ್ರಿ ಅಂತ ನಾನೂ ಹೇಳೂಕೆ ಆಗ್ತದಾ?"

ಅವಳು ಒಳಗೆ ಹೋದಳು. ನಾನು ಬಸ್ಸಿನ ದಾರಿ ಹಿಡಿದೆ.

ಆ ವರ್ಷ ಅವಳ ಮನೆಯ ಒಲೆಯ ಮೇಲೆ ಉಪ್ಪಾಗೆ ಸಿಪ್ಪೆ ಒಣಗಲಿಲ್ಲ, ತುಪ್ಪವೂ ಆಗಲಿಲ್ಲ. ಹಣ್ಣು ಹಕ್ಕಿಗಳು ತಿಂದು ಮಿಕ್ಕದ್ದು ನೆಲಕ್ಕೆ ಬಿತ್ತು. ಕಾರ್ಯದರ್ಶಿಗಳು ಹಿಂಜರಿಯುತ್ತ ಕೇಳಿದಾಗ, "ಬಿದ್ದದ್ದು ಆರಿಸ್ಕಳ್ಳಿ, ಅದು ಯಾರದ್ದೂ ಅಲ್ಲ" ಎಂದಳಂತೆ. ಉಪ್ಪಾಗೆ ಬೀಜ ಮಹಾ ಸೋಮಾರಿ, ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ನಮ್ಮ ನರ್ಸರಿಯಲ್ಲಿ ಎದ್ದ ಉಪ್ಪಾಗೆ ಸಸಿಗಳೆಲ್ಲ ಆ ಒಂದೇ ಮರದವು. ಸಂಘದ ವರದಿಯಲ್ಲಿ ಜನರ ಸಹಭಾಗಿತ್ವ ಎಂದು ಬರೆದರು. ಓದಿ ನೋಡಿ ಸಹಿ ಹಾಕಿ ಎಂದು ನನಗೂ ಕೊಟ್ಟರು. ಹಾಕಿದೆ.

ಕೇರಿಯವರು ಈಗ ನನ್ನ ಮೇಲಿನ ಸಿಟ್ಟು ಬಿಟ್ಟಿದ್ದಾರೆ. ಮರುವರ್ಷದ ಬೀಜದ ಮರಗಳನ್ನು ಅವರೇ ಆರಿಸಿದರು, ನಾಟಿ ಮುಗಿದ ಮೇಲೆ, ಎಲ್ಲರೂ ಕೂಡಿ. ಮನೆಗೊಂದು ಮರದಂತೆ ಬಿಟ್ಟುಕೊಟ್ಟರು, ಒಂದೇ ಮರ ಇದ್ದವರನ್ನು ಬಿಟ್ಟರು. ಇಷ್ಟು ಸುಲಭದ ಲೆಕ್ಕ ನನಗೆ ಹೊಳೆದಿರಲಿಲ್ಲ. ನನ್ನನ್ನು ಕಂಡರೆ ತಮಾಷೆಯೂ ಮಾಡುತ್ತಾರೆ: "ಅಕ್ಕೋರು ಬಂದ್ರು, ಸೀರೆ ಗಟ್ಟಿ ಹಿಡ್ಕಳ್ಳಿ!" ನಾನೂ ನಗುತ್ತೇನೆ. ಮಾಡಿದ್ದುಣ್ಣೋ ಮಹರಾಯ.

ಸಸಿ ನೆಡುವ ದಿನ ಬುಟ್ಟಿ ಹಿಡಿದು ಗದ್ದೆಯಂಚಿನ ಮೇಲೆ ಬಂದೆ. ಬುಟ್ಟಿಯಲ್ಲಿದ್ದದ್ದು ಅವಳದೇ ಮರದ ಸಸಿಗಳು. ತೋರಿಸಬೇಕೆಂದು ಬೆಳಿಗ್ಗೆಯಿಂದ ಮನಸ್ಸು ಹಾರುತ್ತಿತ್ತು. ಕೊನೆಯ ಮನೆಯ ಅಂಗಳದಲ್ಲಿ ಅಬ್ಬೆ ಗುಡಿಸುತ್ತಿದ್ದಳು. ನನ್ನ ಹೆಜ್ಜೆ ಕೇಳಿ ನೆಟ್ಟಗಾದಳು. ಪೊರಕೆಯನ್ನು ಕಂಬಕ್ಕೆ ಒರಗಿಸಿ, ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿದಳು.

"ನಮಸ್ಕಾರ, ಮೇಡಂ," ಎಂದಳು.

ಮೂವತ್ತಕ್ಕೂ ಹೆಚ್ಚು ವರ್ಷ ದಿನಾ ಬೆಳಿಗ್ಗೆ ಒಂದು ಕೋಣೆ ತುಂಬ ಮಕ್ಕಳು ಎದ್ದು ನಿಂತು ನನಗೆ ನಮಸ್ಕಾರ ಹೇಳಿದ್ದಾರೆ. ಒಮ್ಮೆಯೂ ಉತ್ತರ ತಡವರಿಸಿರಲಿಲ್ಲ. ಅವತ್ತು ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಮಸ್ಕಾರ ಎಂದೆ, ಗುಡ್ಡದ ದಾರಿ ಹಿಡಿದೆ. ಬೆಳಿಗ್ಗೆಯಿಂದ ನಾನು ಏನೂ ಉಂಡಿರಲಿಲ್ಲ. ಅವಳು ಕೇಳಲಿಲ್ಲ.